ಸಾಹೇಬರ ಮಗ ಬಂದ, ಗೆಳೆಯ ಹೊರಗೆ ಕರೆಯುತ್ತಿದ್ದಾನೆ: ನಾನು ಯಾರ ಕಡೆ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ವಕೀಲ, ವಯಸ್ಸು 43. ಸನದು (ವಕೀಲಿ ಮಾಡುವ ಪರವಾನಗಿ) ಸಿಕ್ಕ ದಿನದಿಂದ ಒಬ್ಬರೇ ಸಾಹೇಬರ ಕೈಕೆಳಗೆ ಕಲಿತೆ. ಎಂಟು ವರ್ಷದ ಹಿಂದೆ ಸಾಹೇಬರು ನನ್ನನ್ನೂ, ಬೇರೆ ಕಡೆ ಕಲಿತು ಬಂದ ಒಬ್ಬ ಗೆಳೆಯನನ್ನೂ ಪಾಲುದಾರರನ್ನಾಗಿ ಮಾಡಿಕೊಂಡರು. ಅವರಿಗೆ ಶೇ. 50, ನಮಗೆ ತಲಾ 25. ನಾಲ್ಕು ಪುಟದ ಪಾಲುದಾರಿಕೆ ಪತ್ರ ಇದೆ. ಎಷ್ಟು ವರ್ಷಕ್ಕೆ ಅಂತ ಅದರಲ್ಲಿ ಬರೆದಿಲ್ಲ. ಬಿಟ್ಟು ಹೋಗುವುದರ ಬಗ್ಗೆ, ತೆಗೆದು ಹಾಕುವುದರ ಬಗ್ಗೆಯೂ ಏನೂ ಇಲ್ಲ. ಈಗ ಸಾಹೇಬರ ಮಗ ಸನದು ತಗೊಂಡು ಬಂದಿದ್ದಾನೆ. ಅವನಿಗೆ ಶೇ. 20 ಕೊಡೋಣ, ನಾನು 10 ಬಿಡುತ್ತೇನೆ, ನೀವು ಐದೈದು ಬಿಡಿ ಅನ್ನುತ್ತಿದ್ದಾರೆ. ಗೆಳೆಯ ಧಾರವಾಡ ಹೈಕೋರ್ಟ್ ಪೀಠದ ಕೆಲಸ ಮತ್ತು ಬ್ಯಾಂಕುಗಳ ಕೆಲಸ ನೋಡಿಕೊಳ್ಳುತ್ತಾನೆ. 'ಇಬ್ಬರೂ ಸೇರಿ ಸಾಹೇಬರನ್ನೇ ಹೊರಗೆ ಹಾಕೋಣ, ಆಗದಿದ್ದರೆ ಬ್ಯಾಂಕುಗಳನ್ನು ತಗೊಂಡು ನಾವೇ ಹೋಗೋಣ, ಆಫೀಸು ನೋಡಿಟ್ಟಿದ್ದೇನೆ' ಅನ್ನುವುದು ಅವನ ಮಾತು. ಸಾಹೇಬರು 'ಮಗನ್ನ ಬೆಳಸಿದಂಗ ಬೆಳಸೇನಿ ನಿನ್ನ' ಅಂತಾರೆ. ರಾತ್ರಿ ನಿದ್ದೆ ಇಲ್ಲ. ನಾನು ಯಾರ ಕಡೆ ನಿಲ್ಲಲಿ? ಹೊರಗೆ ಹೋದರೆ ಗುರುದ್ರೋಹ ಆಗುತ್ತಾ? ಕಕ್ಷಿದಾರರು ಯಾರಿಗೆ ಸೇರುತ್ತಾರೆ? ನಮ್ಮ ಹಳೆಯ ಕ್ಲಾರ್ಕ್ ಗತಿ ಏನು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉದ್ದಕ್ಕೂ ಅವರನ್ನು 'ಸಾಹೇಬರು' ಅಂತಲೇ ಕರೆದಿದ್ದೀರಿ. 'ನನ್ನ ಪಾಲುದಾರ' ಅಂತ ಒಂದು ಸಲವೂ ಬಂದಿಲ್ಲ. ಅವರು ನಿಮ್ಮನ್ನು ಪಾಲುದಾರರನ್ನಾಗಿ 'ಮಾಡಿಕೊಂಡರು' ಅಂತ ಬರೆದಿದ್ದೀರಿ. ನನಗೆ ಜಗಳದ ಬೇರು ಇಲ್ಲೇ ಕಾಣುತ್ತದೆ. ಎಂಟು ವರ್ಷದ ಹಿಂದೆ ಸ್ಟಾಂಪ್ ಪೇಪರ್ ಮೇಲೆ ಸಹಿ ಬಿತ್ತು, ಸಂಬಂಧ ಮಾತ್ರ ಇದ್ದಲ್ಲೇ ಉಳಿಯಿತು. ಅವರು ಇನ್ನೂ ಗುರುಗಳು, ನೀವು ಇನ್ನೂ ಜೂನಿಯರ್. ನಿಮ್ಮ ಗೆಳೆಯ ಅವರ ಕೈಕೆಳಗೆ ಕಲಿತವನಲ್ಲ. ಹಾಗಾಗಿ ಮೂವರಲ್ಲಿ ಪಾಲುದಾರನ ಹಾಗೆ ಮಾತಾಡುತ್ತಿರುವವನು ಅವನೊಬ್ಬನೇ. ಆದರೆ ಪಾಲುದಾರನ ಹಾಗೆ ನಡೆದುಕೊಳ್ಳುತ್ತಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಸಾಹೇಬರ ಲೆಕ್ಕ ನೋಡೋಣ. ಅವರು ಹತ್ತು ಬಿಟ್ಟರೆ ಅವರದ್ದು 40, ಮಗನದ್ದು 20. ಆ ಮನೆಯ ಪಾಲು 50 ಇದ್ದದ್ದು 60 ಆಯಿತು. 'ಎಲ್ಲರೂ ಸ್ವಲ್ಪ ಸ್ವಲ್ಪ ಬಿಡೋಣ' ಅಂದವರು ಬಿಟ್ಟದ್ದು ಎಷ್ಟು ಅಂತ ಸುಮ್ನೆ ಕೂಡಿಸಿ ನೋಡಿ. ಆದರೂ ದುಡ್ಡಿನ ಲೆಕ್ಕ ಸಣ್ಣದು. ದೊಡ್ಡದು ತಲೆಲೆಕ್ಕ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 12ನೇ ಕಲಂ ತೆಗೆದು ನೋಡಿ. ನೀವು ವಕೀಲರು, ಓದಿಯೇ ಇರುತ್ತೀರಿ. ಬೇರೆಯವರ ಅಂಗಡಿಗಳ ದಾವೆಗೆ ಓದಿದ್ದನ್ನು ನಮ್ಮ ಆಫೀಸಿಗೆ ಹಚ್ಚಿ ನೋಡುವ ರೂಢಿ ನಮ್ಮ ವಕೀಲರಿಗೆ ಇಲ್ಲ, ಅಷ್ಟೇ. ಪಾಲುದಾರಿಕೆ ಪತ್ರದಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ ದಿನನಿತ್ಯದ ವ್ಯವಹಾರದಲ್ಲಿ ಬರುವ ಭಿನ್ನಾಭಿಪ್ರಾಯವನ್ನು ಪಾಲುದಾರರ ಬಹುಮತ ತೀರ್ಮಾನಿಸುತ್ತದೆ. ಅಲ್ಲಿ ಎಣಿಸುವುದು ತಲೆಗಳನ್ನು, ಶೇಕಡಾ ಪಾಲನ್ನಲ್ಲ. ತೀರ್ಮಾನಕ್ಕೆ ಮೊದಲು ಪ್ರತಿಯೊಬ್ಬ ಪಾಲುದಾರನಿಗೂ ತನ್ನ ಮಾತು ಹೇಳುವ ಹಕ್ಕಿದೆ. ಅಂದರೆ 50 ಇದೆ ಅಂತ ಸಾಹೇಬರ ಕೈಯಲ್ಲಿ ಕೊನೇ ಮಾತು ಇಲ್ಲ. ಇವತ್ತು ನೀವು ಮತ್ತು ಗೆಳೆಯ ಸೇರಿದರೆ ಎರಡು ತಲೆ, ಅವರದ್ದು ಒಂದು. ಮಗ ಒಳಗೆ ಬಂದ ದಿನ ಎರಡಕ್ಕೆ ಎರಡು. ಆಮೇಲೆ ಯಾವ ವಿಷಯಕ್ಕೂ ನೀವಿಬ್ಬರು ಅವರನ್ನು ದಾಟಲು ಆಗುವುದಿಲ್ಲ. ಸಾಹೇಬರು ಇದನ್ನು ಲೆಕ್ಕ ಹಾಕಿಯೇ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಬಹುಶಃ ಮಗನನ್ನು ಒಂದು ದಡ ಸೇರಿಸಬೇಕು ಅನ್ನುವ ತಂದೆಯ ಆಸೆ ಅಷ್ಟೇ ಇರಬಹುದು. ಆದರೆ ಫಲ ಅದೇ.

ಇದರಿಂದ ಇನ್ನೊಂದು ಮಾತು ತಿಳಿಯುತ್ತದೆ. ಇಬ್ಬರೂ ನಿಮ್ಮನ್ನು ಜಗ್ಗುತ್ತಿರುವುದು ಯಾಕೆ? ಹಳೇ ಮನೆತನಗಳ ಸಿವಿಲ್ ಫೈಲುಗಳು ಸಾಹೇಬರ ಮುಖ ನೋಡಿ ಬರುತ್ತವೆ. ಬ್ಯಾಂಕು ಮತ್ತು ಹೈಕೋರ್ಟ್ ಕೆಲಸ ಗೆಳೆಯನ ಹಿಡಿತದಲ್ಲಿದೆ. ನೀವು ಯಾರನ್ನೂ ತರುವವರಲ್ಲ, ಆದರೆ ಸಾಕ್ಷಿ, ಪಾಟೀಸವಾಲು, ಡ್ರಾಫ್ಟಿಂಗ್ ಎಲ್ಲ ನಿಮ್ಮ ಹತ್ತಿರವೇ ಅಂತ ನನ್ನ ಊಹೆ. ತಪ್ಪಿದ್ದರೆ ಹೇಳಿ. ನೀವಿಲ್ಲದೆ ಸಾಹೇಬರ ಫೈಲು ನಡೆಯುವುದಿಲ್ಲ, ಗೆಳೆಯನ ಹೊಸ ಆಫೀಸೂ ನಡೆಯುವುದಿಲ್ಲ. 'ನಿಷ್ಠೆ' ಅಂತ ಇಬ್ಬರೂ ಕೇಳುತ್ತಿರುವುದರಲ್ಲಿ ಈ ಲೆಕ್ಕವೂ ಸೇರಿದೆ. ಇದು ಕೆಟ್ಟದ್ದೇನಲ್ಲ. ಆದರೆ ನಿಮಗೆ ಗೊತ್ತಿರಬೇಕು.

ಈ ಎಳೆದಾಟ ನಮ್ಮ ಅವಳಿ ನಗರದಲ್ಲಿ ಜಾಸ್ತಿ ಆದದ್ದಕ್ಕೆ ಒಂದು ಹಿನ್ನೆಲೆ ಇದೆ. ಮೊದಲು ಅಪೀಲು ಅಂದರೆ ಬೆಂಗಳೂರು. ಕಕ್ಷಿದಾರ ಫೈಲು ಕಂಕುಳಲ್ಲಿ ಇಟ್ಟುಕೊಂಡು ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತುತ್ತಿದ್ದ. ಅಲ್ಲಿಯ ವಕೀಲರಿಗೆ ಇಲ್ಲಿಯ ಸೀನಿಯರ್ ಒಂದು ಚೀಟಿ ಬರೆದು ಕೊಡುತ್ತಿದ್ದರು. ಕಕ್ಷಿದಾರ ಕೊನೆಗೂ ಇಲ್ಲಿಯ ಸಾಹೇಬರ ಮನುಷ್ಯನೇ. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಈಗ ಅವಳಿ ನಗರದ ಚಿಗರಿ ಬಸ್ಸಿನಲ್ಲಿ ಧಾರವಾಡ, ಅಲ್ಲಿಂದ ಊರ ಹತ್ತಿರದ ಬೇಲೂರಿನ ಪೀಠದ ಕಟ್ಟಡ. ಬೆಳಗ್ಗೆ ಹೋಗಿ ಸಂಜೆ ವಾಪಸ್. ಹೈಕೋರ್ಟಿನಲ್ಲಿ ನಿಂತು ವಾದ ಮಾಡುವವನ ಮುಖವನ್ನೇ ಕಕ್ಷಿದಾರ ನೋಡುತ್ತಾನೆ, ಅವನ ನಂಬರನ್ನೇ ಸೇವ್ ಮಾಡಿಕೊಳ್ಳುತ್ತಾನೆ. ಹುಬ್ಬಳ್ಳಿಯಲ್ಲಿ ಕೂತ ಸೀನಿಯರ್ ಕೈಯಿಂದ ಅಧಿಕಾರ ಮೆಲ್ಲಗೆ ಜಾರಿತು. ಯಾರೂ ಕಿತ್ತುಕೊಂಡದ್ದಲ್ಲ. 60 ದಾಟಿದ ಮನುಷ್ಯನಿಗೆ ಅದು ಗೊತ್ತಾಗುತ್ತದೆ, ಬಾಯಿ ಬಿಟ್ಟು ಹೇಳಲು ಆಗುವುದಿಲ್ಲ. ಮಗನನ್ನು ತಂದು ಕೂರಿಸುವ ಆತುರದಲ್ಲಿ ಆ ಹೆದರಿಕೆಯೂ ಸ್ವಲ್ಪ ಇದೆ ಅಂತ ನನಗೆ ಅನ್ನಿಸುತ್ತದೆ.

ಇನ್ನು ನೇರ ಉತ್ತರಗಳು. ಮಗನನ್ನು ಪಾಲುದಾರ ಮಾಡಲು ನಿಮ್ಮ ಒಪ್ಪಿಗೆ ಬೇಕೇ ಬೇಕು. 31ನೇ ಕಲಂ ಪ್ರಕಾರ ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಇದ್ದ ಎಲ್ಲ ಪಾಲುದಾರರೂ ಒಪ್ಪದೆ ಹೊಸಬ ಬರುವಂತಿಲ್ಲ. ಇಲ್ಲಿ ಬಹುಮತವೂ ಸಾಲದು, ಒಬ್ಬರು ಒಲ್ಲೆ ಅಂದರೂ ಇಲ್ಲ. ಸಾಹೇಬರು ತಮ್ಮ ಪಾಲಿನ ಲಾಭವನ್ನು ಮನೆಯಲ್ಲಿ ಮಗನಿಗೆ ಕೊಟ್ಟುಕೊಂಡರೆ ಅದು ಅವರ ಇಷ್ಟ. ಅದರಿಂದ ಮಗನಿಗೆ ಆಫೀಸಿನ ವ್ಯವಹಾರದಲ್ಲಿ ಮಾತಾಡುವ ಹಕ್ಕು ಬರುವುದಿಲ್ಲ. ಅವನು ಸನದು ತಗೊಂಡವನು, ಹಾಗಾಗಿ ಪಾಲುದಾರ ಆಗಲು ಬಾರ್ ಕೌನ್ಸಿಲ್ ನಿಯಮದ ಅಡ್ಡಿ ಇಲ್ಲ. ವಕೀಲರಲ್ಲದವರ ಜೊತೆ ಫೀ ಹಂಚಿಕೊಳ್ಳುವುದಕ್ಕಷ್ಟೇ ನಿಷೇಧ. (ವಕೀಲಿ ಮುಂದುವರಿಸಲು ಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಿದ್ದಾನಾ ಅಂತ ಮಾತ್ರ ಮೆಲ್ಲಗೆ ಕೇಳಿ. ಅಪ್ಪಂದಿರು ಇದನ್ನು ಮರೆತಿರುತ್ತಾರೆ.)

ಗೆಳೆಯ ಹೇಳುವ ಹಾಗೆ ಸಾಹೇಬರನ್ನು ಹೊರಗೆ ಹಾಕಲು ಬರುವುದಿಲ್ಲ. 33ನೇ ಕಲಂ ಸ್ಪಷ್ಟವಾಗಿದೆ. ಪತ್ರದಲ್ಲಿ ಆ ಅಧಿಕಾರ ಬರೆದಿರಬೇಕು, ಬರೆದಿದ್ದರೂ ಅದನ್ನು ಪ್ರಾಮಾಣಿಕವಾಗಿ ಬಳಸಬೇಕು. ನಿಮ್ಮ ಪತ್ರದಲ್ಲಿ ಅದು ಇಲ್ಲವೇ ಇಲ್ಲ. ಹಾಗಾಗಿ ಆ ಮಾತು ಬಿಟ್ಟುಬಿಡಿ. ಅದನ್ನು ಬರೆದ ವಾಟ್ಸಾಪ್ ಮೆಸೇಜ್ ಇದ್ದರೆ ಅದಕ್ಕೆ ಉತ್ತರವನ್ನೂ ಬರೆಯಬೇಡಿ.

ಬಿಟ್ಟು ಹೋಗುವುದು ಸುಲಭ. ಅವಧಿ ಬರೆಯದ, ಮುಗಿಸುವ ಬಗೆಯನ್ನೂ ಹೇಳದ ಪಾಲುದಾರಿಕೆಯನ್ನು ಕಾಯ್ದೆ ಇಚ್ಛಾಧೀನ ಪಾಲುದಾರಿಕೆ ಅಂತ ನೋಡುತ್ತದೆ. ಉಳಿದವರೆಲ್ಲರಿಗೂ ಬರಹದಲ್ಲಿ ನೋಟಿಸ್ ಕೊಟ್ಟು ನೀವೊಬ್ಬರೇ ನಿವೃತ್ತಿ ಆಗಬಹುದು. ಅಥವಾ ಇಡೀ ಫರ್ಮನ್ನೇ ವಿಸರ್ಜಿಸುವ ನೋಟಿಸ್ ಕೊಡಬಹುದು. ಎರಡಕ್ಕೂ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ಮನೆ ನಿಂತಿರುತ್ತದೆ, ನೀವು ಹೊರಗೆ. ಎರಡನೆಯದರಲ್ಲಿ ಮನೆಯೇ ಇಳಿಯುತ್ತದೆ. ನೋಟಿಸ್ ಕೊಟ್ಟ ಮೇಲೆ ಸಾರ್ವಜನಿಕ ಪ್ರಕಟಣೆ ಕೊಡುವುದನ್ನು ಮರೆಯಬೇಡಿ: ಗೆಜೆಟ್‌ನಲ್ಲಿ, ಜಿಲ್ಲೆಯಲ್ಲಿ ಓಡುವ ಒಂದು ಕನ್ನಡ ಪತ್ರಿಕೆಯಲ್ಲಿ, ಫರ್ಮ್ ನೋಂದಣಿ ಆಗಿದ್ದರೆ ನೋಂದಣಾಧಿಕಾರಿಗೂ. ಇಲ್ಲದಿದ್ದರೆ ನಾಳೆ ಅವರು ಮಾಡಿದ ಸಾಲಕ್ಕೆ ನಿಮ್ಮ ಹೆಸರೂ ಬರುತ್ತದೆ. ಪ್ರಕಟಣೆ ಎರಡು ಸಾಲು ಸಾಕು. ಹೊಸ ಆಫೀಸಿನ ವಿಳಾಸ, 'ಅನುಭವಿ ವಕೀಲರು' ಅಂತೆಲ್ಲ ಹಾಕಿದರೆ ಅದು ಜಾಹೀರಾತು ಆಗಿ ಬಾರ್ ಕೌನ್ಸಿಲ್ ಕಡೆಯಿಂದ ಕಾಗದ ಬರುತ್ತದೆ.

ನಿಮ್ಮ ಫರ್ಮ್ ನೋಂದಣಿ ಆಗಿದೆಯಾ ಇಲ್ಲವಾ ನೀವು ಬರೆದಿಲ್ಲ. ಇವತ್ತೇ ನೋಡಿ. ಆಗಿಲ್ಲದಿದ್ದರೆ 69ನೇ ಕಲಂ ಅಡ್ಡ ಬರುತ್ತದೆ. ಪತ್ರದ ಷರತ್ತು ಹಿಡಿದು ಪಾಲುದಾರರ ಮೇಲೆ ದಾವೆ ಹಾಕಲು ಆಗುವುದಿಲ್ಲ. ವಿಸರ್ಜನೆ ಮತ್ತು ಲೆಕ್ಕ ಕೇಳುವ ದಾರಿ ಮಾತ್ರ ತೆರೆದಿರುತ್ತದೆ. ವಿಸರ್ಜನೆ ಆದ ಮೇಲೆ ಲೆಕ್ಕ ಕೇಳಲು ಮೂರು ವರ್ಷ. ಊರವರ ದಾವೆಗೆ ಕಾಲಮಿತಿ ಎಣಿಸುವ ನಾವು ನಮ್ಮದನ್ನು ಮರೆತು ಕೂತದ್ದನ್ನು ಕಂಡಿದ್ದೇನೆ.

ಈಗ ಕಕ್ಷಿದಾರರು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದರಲ್ಲಿ ನಾನೇ ಸುಟ್ಟುಕೊಂಡವನು.

ಹೈಕೋರ್ಟ್ ಪೀಠ ಬರುವ ಮೊದಲಿನ ಮಾತು. ಧಾರವಾಡದಲ್ಲಿ ನಾನು ಮತ್ತು ಕಾಲೇಜಿನ ಒಬ್ಬ ಗೆಳೆಯ ಸೇರಿ ಆಫೀಸು ಮಾಡಿದ್ದೆವು. ಪತ್ರ ಗಿತ್ರ ಏನೂ ಇಲ್ಲ. ಒಂದು ಬೋರ್ಡು, ಎರಡು ಹೆಸರು, ಬಂದದ್ದರಲ್ಲಿ ಅರ್ಧ ಅರ್ಧ. ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ಜಗಳ ಶುರುವಾದದ್ದು ಬೋರ್ಡಿಗೆ ಹೊಸ ಬಣ್ಣ ಹೊಡೆಸುವಾಗ. ಯಾರ ಹೆಸರು ಮೇಲೆ ಅನ್ನುವುದು ನೆಪ. ಒಳಗೆ ಬೇರೆ ಬೇಕಾದಷ್ಟು ಇತ್ತು. ಒಂದು ಭಾನುವಾರ ಬೆಳಗ್ಗೆ ಅವನು ಆಟೊ ತಂದು ಅರ್ಧ ಕಪಾಟು ಖಾಲಿ ಮಾಡಿಕೊಂಡು ಹೋದ. ನಾನೇನು ಸಾಚಾ ಅಲ್ಲ. ಅದೇ ರಾತ್ರಿ ಡೈರಿ ಹಿಡಿದುಕೊಂಡು ಕೂತು, ಫೋನ್ ಇದ್ದ ಕಕ್ಷಿದಾರರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಏನು ಹೇಳಿದೆ ಅಂತ ಬರೆಯಲು ಈಗಲೂ ನಾಚಿಕೆ.

ನವಲಗುಂದ ಕಡೆಯ ಒಬ್ಬ ಮುದುಕರು ನಮ್ಮ ಕಕ್ಷಿದಾರರು. ಹೊಲದ ಬದುವಿನ ದಾವೆ. ಅವರ ಮನೆಯಲ್ಲಿ ಫೋನ್ ಇರಲಿಲ್ಲ, ಹಾಗಾಗಿ ಇಬ್ಬರಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಫೈಲು ಅವನ ಹತ್ತಿರ ಇದೆ ಅಂತ ನಾನು, ನನ್ನ ಹತ್ತಿರ ಇದೆ ಅಂತ ಅವನು. ತಾರೀಖಿನ ದಿನ ಎದುರು ಕಡೆಯ ವಕೀಲರು ಹಾಜರು, ನಮ್ಮಿಬ್ಬರಲ್ಲಿ ಯಾರೂ ಇಲ್ಲ. ಮುದುಕರು ಕೋರ್ಟ್ ಹಾಲ್ ಹೊರಗೆ ಬೇವಿನ ಗಿಡದ ಕೆಳಗೆ ನಮ್ಮ ದಾರಿ ನೋಡುತ್ತ ಕೂತಿದ್ದರಂತೆ. ದಾವೆ ಗೈರುಹಾಜರಿಯಲ್ಲಿ ವಜಾ. ವಾರ ಬಿಟ್ಟು ಬಂದರು. ಅಷ್ಟೊತ್ತಿಗೆ ಗೆಳೆಯ ಅದೇ ಬೀದಿಯ ಎದುರು ಕಟ್ಟಡದ ಮಹಡಿಯಲ್ಲಿ ಆಫೀಸು ಮಾಡಿದ್ದ. ಮುದುಕರು ನಡುರಸ್ತೆಯಲ್ಲಿ ನಿಂತು ಕೇಳಿದರು: 'ಯಪ್ಪಾ, ನನ್ನ ಕಾಗದ ಯಾರ ಕಡೆ ಅದಾವು? ಯಾವ ಪಾವಟಿಗಿ ಹತ್ತಲಿ ಹೇಳ್ರಿ.'

ದಾವೆ ಮತ್ತೆ ಫೈಲಿಗೆ ಬರಲು ವರ್ಷದ ಮೇಲೆ ಹಿಡಿಯಿತು. ಕೋರ್ಟು ಹಾಕಿದ ಕಾಸ್ಟನ್ನು (ಖರ್ಚಿನ ದುಡ್ಡನ್ನು) ನಾನೇ ಕಟ್ಟಿದೆ. ಗೆಳೆಯನೂ ಅರ್ಧ ಕೊಡಲು ಬಂದ, ನಾನು ಸಿಟ್ಟಿನಲ್ಲಿ ತಗೊಳ್ಳಲಿಲ್ಲ. ಅದೂ ಒಂದು ಸೊಕ್ಕು.

ಹಾಗಾಗಿ ಕಕ್ಷಿದಾರರು ಯಾರಿಗೆ 'ಸೇರುತ್ತಾರೆ' ಅಂತ ನೀವು ಕೇಳಿದಾಗ ಮೈ ಉರಿಯಿತು. ಅವರು ದನ ಅಲ್ಲ, ಹೊಡೆದುಕೊಂಡು ಹೋಗಲು. ವಕಾಲತ್ತು, ಅಂದರೆ ಕೇಸು ನಡೆಸುವ ಅಧಿಕಾರ ಪತ್ರ, ಕೊಟ್ಟವರು ಅವರು, ವಾಪಸ್ ತಗೊಳ್ಳುವವರೂ ಅವರೇ. ವಕಾಲತ್ತಿನಲ್ಲಿ ಮೂವರ ಹೆಸರೂ ಇದ್ದರೆ ಫರ್ಮ್ ಒಡೆದರೂ ಮೂವರೂ ಆ ಕೇಸಿನಲ್ಲಿ ಇರುತ್ತೀರಿ. ಬರಹದಲ್ಲಿ ಕೊಟ್ಟು, ಕೋರ್ಟಿನ ಅನುಮತಿ ತಗೊಂಡ ಮೇಲೆಯೇ ನಿಮ್ಮ ಹೊಣೆ ಇಳಿಯುವುದು. ಬೋರ್ಡು ಇಳಿಸಿದ ಮಾತ್ರಕ್ಕೆ ಇಳಿಯುವುದಿಲ್ಲ. ಬೇರೆಯವರ ವಕಾಲತ್ತು ಇರುವ ಕೇಸಿಗೆ ಹೋಗಬೇಕಾದರೆ ಅವರ ಒಪ್ಪಿಗೆ ಬೇಕು. ಅವರು ಕೊಡದಿದ್ದರೆ ಕಾರಣ ಹೇಳಿ ಕೋರ್ಟಿಗೆ ಅರ್ಜಿ ಹಾಕಬೇಕು. ಸಿಟ್ಟಿನಲ್ಲಿ ಫೈಲು ಹಿಡಿದಿಟ್ಟುಕೊಳ್ಳುವುದು ನಮ್ಮಲ್ಲಿ ಹಳೇ ಚಾಳಿ. ಫೀ ಬಾಕಿ ಇದ್ದರೂ ಕಕ್ಷಿದಾರನ ಕಾಗದಪತ್ರ ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲನಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಬಾಕಿ ವಸೂಲಿಗೆ ಬೇರೆ ದಾರಿ ಇದೆ. ಫೈಲು ತಡೆದರೆ ಅದು ದುರ್ನಡತೆ.

ಬ್ಯಾಂಕಿನ ವಿಷಯಕ್ಕೆ ಒಂದೇ ಕಾಗದ ನೋಡಿ. ಪ್ಯಾನಲ್‌ಗೆ, ಅಂದರೆ ಬ್ಯಾಂಕಿನ ವಕೀಲರ ಪಟ್ಟಿಗೆ, ತಗೊಂಡ ಪತ್ರ ಯಾರ ಹೆಸರಲ್ಲಿದೆ? ಫರ್ಮ್ ಹೆಸರಲ್ಲಾ, ಗೆಳೆಯನ ಸ್ವಂತ ಹೆಸರಲ್ಲಾ? ಸ್ವಂತ ಹೆಸರಲ್ಲಿದ್ದರೆ ಆ ಪ್ಯಾನಲ್ ಅವನ ಜೊತೆ ಹೋಗುತ್ತದೆ. ಇಲ್ಲಿಯವರೆಗೆ ಬಂದ ಫೀ ಮಾತ್ರ ಫರ್ಮ್‌ನದು. ಫರ್ಮ್ ಹೆಸರಲ್ಲಿದ್ದರೆ 'ಬ್ಯಾಂಕುಗಳನ್ನು ತಗೊಂಡು ಹೋಗೋಣ' ಅನ್ನುವ ಮಾತೇ ತಪ್ಪು. ಹೊರಗೆ ಹೋದ ಪಾಲುದಾರ ಅದೇ ಕೆಲಸ ಮಾಡಬಹುದು, ಪಕ್ಕದ ಬಾಗಿಲಲ್ಲೇ ಮಾಡಬಹುದು. ಆದರೆ ಫರ್ಮ್ ಹೆಸರು ಬಳಸುವ ಹಾಗಿಲ್ಲ, ಹಳೇ ಗಿರಾಕಿಗಳ ಹಿಂದೆ ಬಿದ್ದು ಕರೆಯುವ ಹಾಗೂ ಇಲ್ಲ. 36ನೇ ಕಲಂ ಹೀಗೆ ಹೇಳುತ್ತದೆ. ಅಷ್ಟೇ ಅಲ್ಲ, ವಕೀಲನಾದವನು ಯಾರನ್ನೇ ಆಗಲಿ ಕೇಸಿಗಾಗಿ ಕರೆಯಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಬೇರೆ ಇದೆ. ಅವರಾಗಿಯೇ ಬಂದರೆ ಮಾತು ಬೇರೆ.

ಇನ್ನೊಂದು ತೊಡಕು. ಇವತ್ತು ಒಂದೇ ಆಫೀಸಿನಲ್ಲಿರುವ ನೀವು ನಾಳೆ ಎದುರುಬದುರು ನಿಲ್ಲುವ ಕೇಸು ಬರುತ್ತದೆ. ಸಾಹೇಬರ ಹಳೇ ಕಕ್ಷಿದಾರನೊಬ್ಬನ ಮೇಲೆ ನಿಮ್ಮ ಬ್ಯಾಂಕು ವಸೂಲಿಗೆ ಬಂತು ಅನ್ನಿ. ಆ ಕಕ್ಷಿದಾರನ ಕಾಗದವನ್ನು ನೀವು ಓದಿದ್ದೀರಿ, ಅವನಿಗೆ ಸಲಹೆ ಕೊಟ್ಟಿದ್ದೀರಿ. ಅದೇ ವಿಷಯದಲ್ಲಿ ಅವನ ವಿರುದ್ಧ ನಿಲ್ಲಲು ಬರುವುದಿಲ್ಲ. ಫರ್ಮ್ ಬಿಟ್ಟರೂ ಅವನ ಗುಟ್ಟು ನಿಮ್ಮನ್ನು ಬಿಡುವುದಿಲ್ಲ. ಗೆಳೆಯನ ಲೆಕ್ಕದಲ್ಲಿ ಇದು ಇದೆಯಾ ಕೇಳಿ.

ಸರಿ, ದ್ರೋಹದ ಮಾತಿಗೆ ಬರೋಣ. ನೀವು ಕೇಳಿದ್ದು ಗುರುದ್ರೋಹದ ಬಗ್ಗೆ. ಗುರುವಿನ ಋಣ ನಿಮ್ಮ ಮತ್ತು ಅವರ ಮಧ್ಯದ ಮಾತು, ಅದಕ್ಕೆ ಕಲಂ ಇಲ್ಲ. ಹಬ್ಬಕ್ಕೆ ಹೋಗಿ ಕಾಲು ಮುಟ್ಟಿ ಬನ್ನಿ, ಆಫೀಸು ಬೇರೆ ಆದ ಮೇಲೂ ಹೋಗಿ. ಆದರೆ ಅವರಿಗೆ ಋಣ ಇದೆ ಅಂತ ಅವರ ಮಗನಿಗೆ ಐದು ಪೈಸೆ ಪಾಲು ಬರೆದು ಕೊಡಬೇಕಾಗಿಲ್ಲ. ಪಾಲುದಾರನಿಗೆ ಪಾಲುದಾರ ಏನು ಕೊಡಬೇಕು ಅನ್ನುವುದಕ್ಕೆ ಕಲಂ ಇದೆ, ಒಂಬತ್ತನೆಯದು. ಎಲ್ಲರಿಗೂ ಒಳ್ಳೆಯದಾಗುವ ಹಾಗೆ ವ್ಯವಹಾರ ನಡೆಸುವುದು, ಒಬ್ಬರಿಗೊಬ್ಬರು ನ್ಯಾಯವಾಗಿ, ನಂಬಿಕೆಯಿಂದ ಇರುವುದು, ನಿಜವಾದ ಲೆಕ್ಕ ಕೊಡುವುದು, ಯಾವುದನ್ನೂ ಬಚ್ಚಿಡದೆ ತಿಳಿಸುವುದು. ಇದನ್ನು ಹಿಡಿದು ಮೂವರನ್ನೂ ಅಳೆಯಿರಿ.

ಸಾಹೇಬರು ಲೆಕ್ಕ ತೋರಿಸಿದ್ದಾರಾ? ಎಂಟು ವರ್ಷದಲ್ಲಿ ಎಷ್ಟು ಸಲ? ನನಗೆ ಗೊತ್ತಿರುವ ಆಫೀಸುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಕಕ್ಷಿದಾರ ಬರುತ್ತಾನೆ, ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆಯುತ್ತಾನೆ, ಅದರೊಳಗಿನ ಕಾಗದ ಬಿಚ್ಚಿ ನೋಟು ಎಣಿಸಿ ಸೀನಿಯರ್ ಮೇಜಿನ ಮೇಲೆ ಇಡುತ್ತಾನೆ. ಅವರು ಮುಟ್ಟುವುದೂ ಇಲ್ಲ, ಡ್ರಾವರ್ ಎಳೆದು ಒಳಗೆ ಜಾರಿಸುತ್ತಾರೆ. ರಸೀದಿ ಇಲ್ಲ. ಕ್ಲಾರ್ಕ್ ಡೈರಿಯ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಅಂಕಿ ಬರೆಯುತ್ತಾನೆ. ತಿಂಗಳ ಕೊನೆಗೆ ಒಂದು ಕವರು ನಿಮ್ಮ ಕೈಗೆ. 'ಇಟ್ಕೊ' ಅಂತಾರೆ. ನೀವು ಎಣಿಸದೆ ಜೇಬಿಗೆ ಹಾಕುತ್ತೀರಿ, ಎದುರಿಗೆ ಎಣಿಸಿದರೆ ಅವಮಾನ ಅಂತ. ನಿಮ್ಮ ಆಫೀಸೂ ಹೀಗೇ ಇದ್ದರೆ ನೀವು ಪಾಲು ತಗೊಳ್ಳುತ್ತಿಲ್ಲ, ಸಂಬಳ ತಗೊಳ್ಳುತ್ತಿದ್ದೀರಿ. ಲೆಕ್ಕದ ಪುಸ್ತಕ ನೋಡುವುದು, ನಕಲು ಮಾಡಿಕೊಳ್ಳುವುದು ಪ್ರತಿ ಪಾಲುದಾರನ ಹಕ್ಕು. ಎಂಟು ವರ್ಷ ನೀವು ಅದನ್ನು ಕೇಳಿಲ್ಲ. ಅದು ಅವರ ತಪ್ಪಷ್ಟೇ ಅಲ್ಲ.

ದುರ್ಗದ ಬೈಲಿನ ಅಂಗಡಿಯವರನ್ನು ನೋಡಿ. ದೀಪಾವಳಿಗೆ ಹೊಸ ಖಾತೆ ಪುಸ್ತಕ ತಂದು, ಪೂಜೆ ಮಾಡಿ, ಅಣ್ಣತಮ್ಮಂದಿರು ಎದುರುಬದುರು ಕೂತು ಹಳೇದನ್ನು ಮುಗಿಸುತ್ತಾರೆ. ಅವರ ಪಾಲುದಾರಿಕೆ ಪತ್ರ ಬರೆದುಕೊಡುವವರು ನಾವು. ನಮ್ಮ ಮನೆಯಲ್ಲಿ ಖಾತೆಯೇ ಇಲ್ಲ.

ಗೆಳೆಯನನ್ನೂ ಅದೇ ಕಲಂನಿಂದ ಅಳೆಯಿರಿ. ಸಾಹೇಬರು ಮಗನ ಮಾತನ್ನು ಮೇಜಿನ ಮೇಲೆ ಇಟ್ಟು ಕೇಳಿದ್ದಾರೆ. ಒಪ್ಪುವುದು ಬಿಡುವುದು ನಿಮ್ಮ ಕೈಲಿದೆ. ಗೆಳೆಯ? ಪಾಲುದಾರ ಆಗಿದ್ದುಕೊಂಡೇ ಆಫೀಸು ನೋಡಿಟ್ಟಿದ್ದಾನೆ. ಬ್ಯಾಂಕಿನವರ ಜೊತೆ ಮಾತಾಡಿದ್ದಾನೋ ಇಲ್ಲವೋ ನೀವು ಬರೆದಿಲ್ಲ, ಮಾತಾಡಿಲ್ಲ ಅಂತ ನಂಬಲು ನನಗೆ ಕಷ್ಟ. ಹೊರಗೆ ಹೋಗುವ ಯೋಚನೆ ತಪ್ಪಲ್ಲ. ಒಳಗಿದ್ದುಕೊಂಡು ಕದ್ದು ಸಿದ್ಧತೆ ಮಾಡುವುದು ತಪ್ಪು. ಪಾಲುದಾರನಾಗಿದ್ದಾಗ ಪೈಪೋಟಿಯ ಕೆಲಸ ಮಾಡಿ ಬಂದ ಲಾಭವನ್ನು ಫರ್ಮ್‌ಗೆ ಒಪ್ಪಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಮತ್ತೆ, ಇವತ್ತು ಸಾಹೇಬರ ಬೆನ್ನ ಹಿಂದೆ ನಿಮ್ಮ ಜೊತೆ ಪಿಸುಗುಟ್ಟುವವನು ನಾಳೆ ನಿಮ್ಮ ಬೆನ್ನ ಹಿಂದೆ ಯಾರ ಜೊತೆ ಪಿಸುಗುಟ್ಟುತ್ತಾನೆ ಅಂತ ಯೋಚನೆ ಮಾಡಿದ್ದೀರಾ? ಅವನು ಕೆಟ್ಟವನು ಅಂತಲ್ಲ. ಬೇಗ ಬೆಳೆದವರಿಗೆ ಆತುರ ಇರುತ್ತದೆ.

ನೀವೂ ಸ್ವಲ್ಪ ಅಳೆದುಕೊಳ್ಳಿ. ಅವನು ಆಫೀಸು ನೋಡಿಟ್ಟದ್ದು ಗೊತ್ತಿದ್ದೂ ನೀವು ಸಾಹೇಬರಿಗೆ ಹೇಳಿಲ್ಲ. ನಿದ್ದೆ ಬರದಿರುವುದು ಅದಕ್ಕೇ ಇರಬೇಕು.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಗೆಳೆಯನಿಗೆ ಹೇಳುತ್ತಿದ್ದೆ: 'ಸಾಹೇಬರಿಗೆ ಈ ವಾರದೊಳಗೆ ನೀನು ಹೇಳು, ಇಲ್ಲಾ ಅಂದ್ರೆ ನಾನು ಹೇಳುತ್ತೇನೆ.' ಅವನಿಗೆ ಸಿಟ್ಟು ಬರುತ್ತದೆ, ಬರಲಿ. ಆಮೇಲೆ ಮೂವರೇ, ಮಗ ಇಲ್ಲದಾಗ, ಕೂರಬೇಕು. ಆಫೀಸು ಬೇಡ. ಅಲ್ಲಿ ಅವರ ಕುರ್ಚಿ ದೊಡ್ಡದು, ನಿಮ್ಮದು ಕಕ್ಷಿದಾರರ ಕಡೆಯದು. ಮೂವರಿಗೂ ಒಂದೇ ಥರ ಕುರ್ಚಿ ಇರುವ ಕಡೆ ಕೂರಿ, ಗಿರಮಿಟ್ ತರಿಸಿಕೊಂಡು. ಮೊದಲ ದಿನ ಮಗನ ಮಾತು ತೆಗೆಯಲೇಬೇಡಿ. ಮೂರು ವರ್ಷದ ಲೆಕ್ಕ ಮಾತ್ರ ಕೇಳಿ, ಅದನ್ನು ಮಾಡಲು ಹೊರಗಿನ ಸಿಎ ಒಬ್ಬರನ್ನು ಹಿಡಿಯಿರಿ. ಲೆಕ್ಕ ಬರುವವರೆಗೆ ಪಾಲಿನ ಮಾತು ಗಾಳಿಯಲ್ಲಿ ಕೋಲು ಬೀಸಿದ ಹಾಗೆ.

ಮಗನಿಗೆ ನನ್ನ ಸಲಹೆ ಇಷ್ಟು: ಮೂರು ವರ್ಷ ಅವನು ಸಂಬಳಕ್ಕೆ ಕೆಲಸ ಮಾಡಲಿ. ಅದೂ ಅಪ್ಪನ ಕೈಕೆಳಗೆ ಬೇಡ, ನಿಮ್ಮ ಕೈಕೆಳಗೆ. ಆಮೇಲೆ ಪಾಲು ಕೊಡುವುದಾದರೆ ಮೊದಲ ಹಂತದಲ್ಲಿ ಸಾಹೇಬರ 50ರಿಂದ ಹೋಗಲಿ. ಇದನ್ನು ಸಾಹೇಬರು ಒಪ್ಪಿದರೆ ಅವರು ನಿಮ್ಮನ್ನು ನಿಜವಾಗಿ ಪಾಲುದಾರ ಅಂತ ನೋಡುತ್ತಾರೆ ಅಂತ ಅರ್ಥ. ಆಗ ನೀವು ಇರಿ. ಹೊಸ ಪತ್ರ ಬರೆದುಕೊಳ್ಳಿ, ನೋಂದಣಿ ಮಾಡಿಸಿ. ಒಬ್ಬರು ತೀರಿಕೊಂಡರೆ ಏನು ಅನ್ನುವುದನ್ನೂ ಬರೆಯಿರಿ, ಬರೆಯದಿದ್ದರೆ ಸಾವಿನ ಜೊತೆ ಫರ್ಮ್ ಕೂಡ ಮುಗಿಯುತ್ತದೆ. ಬಿಡುವವರು ತೊಂಬತ್ತು ದಿನ ಮೊದಲು ಹೇಳಬೇಕು ಅಂತ ಹಾಕಿ. 'ಬಿಟ್ಟವರು ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ಪ್ರಾಕ್ಟೀಸ್ ಮಾಡಕೂಡದು' ಅನ್ನುವ ಷರತ್ತು ಮಾತ್ರ ಹಾಕಬೇಡಿ. ಅದು ಕಕ್ಷಿದಾರನ ಕೈ ಕಟ್ಟುತ್ತದೆ.

ಲೆಕ್ಕವನ್ನೇ ಕೊಡಲು ಒಪ್ಪದಿದ್ದರೆ ಹೊರಗೆ ಬನ್ನಿ. ಒಬ್ಬರೇ ಬನ್ನಿ, ಗೆಳೆಯನ ಜೊತೆ ಅಲ್ಲ. ಆರು ತಿಂಗಳು ಒಬ್ಬರೇ ಇದ್ದು ನೋಡಿ, ನಿಮ್ಮ ಮುಖ ನೋಡಿ ಯಾರು ಬರುತ್ತಾರೆ ಅಂತ ತಿಳಿಯುತ್ತದೆ. ಆಮೇಲೂ ಗೆಳೆಯನ ಜೊತೆ ಸೇರಬೇಕು ಅನ್ನಿಸಿದರೆ ಸೇರಿ, ಆಗ ಇಬ್ಬರೂ ಸಮಾನವಾಗಿ ಕೂತು ಮಾತಾಡುತ್ತೀರಿ.

ಒಡೆಯುವುದೇ ಆದರೆ ಅಮರಗೋಳದ ಎಪಿಎಂಸಿಯಲ್ಲಿ ನಾನು ಕಂಡ ಒಂದು ದಲಾಲಿ ಅಂಗಡಿಯ ರೀತಿ ಮಾಡಿ. ಅಣ್ಣ ಪಾಲು ಹಾಕಿದ, ತಮ್ಮ ಆರಿಸಿದ. ಯಾವ ಪಾಲು ತನಗೆ ಬರುತ್ತದೋ ಗೊತ್ತಿಲ್ಲದವನು ಸರಿಯಾಗಿಯೇ ಹಾಕುತ್ತಾನೆ. ಫರ್ಮ್ ದುಡ್ಡಿನಲ್ಲಿ ತಗೊಂಡ ಐಎಲ್‌ಆರ್, ಎಐಆರ್ ತೀರ್ಪು ಸಂಪುಟಗಳು, ಕಂಪ್ಯೂಟರು, ಕಪಾಟು ಎಲ್ಲ ಫರ್ಮ್‌ನವು. ಅವುಗಳಿಗೆ ಈ ರೀತಿ ಸಾಕು. ನಡೆಯುತ್ತಿರುವ ಕೇಸುಗಳಿಗೆ ಒಂದು ಪಟ್ಟಿ ಮಾಡಿ: ಎಷ್ಟು ಫೀ ಬಂದಿದೆ, ಎಷ್ಟು ಕೆಲಸ ಆಗಿದೆ, ಮುಂದಿನ ತಾರೀಖು ಯಾವುದು. ಕಕ್ಷಿದಾರರ ಕೋರ್ಟ್ ಫೀ, ಠೇವಣಿ ದುಡ್ಡು ಇದ್ದರೆ ಬೇರೆ ಎತ್ತಿಡಿ, ಅದು ಯಾರ ಪಾಲಿನಲ್ಲೂ ಇಲ್ಲ. ಆಫೀಸಿನ ಲ್ಯಾಂಡ್‌ಲೈನ್ ನಂಬರ್ ಯಾರಿಗೆ ಅನ್ನುವುದನ್ನು ಮೊದಲೇ ಬರೆದುಕೊಳ್ಳಿ. ಹಳ್ಳಿಯ ಕಕ್ಷಿದಾರನಿಗೆ ನಿಮ್ಮ ಬೋರ್ಡಿಗಿಂತ ಅದು ಹೆಚ್ಚು ಗೊತ್ತು. ಆಮೇಲೆ ಪ್ರತಿ ಕಕ್ಷಿದಾರನಿಗೂ ಮೂವರೂ ಸಹಿ ಹಾಕಿದ ಒಂದೇ ಪತ್ರ: 'ನಮ್ಮ ಪಾಲುದಾರಿಕೆ ಇಂಥ ದಿನ ಮುಗಿಯುತ್ತದೆ. ನ್ಯಾಯಾಲಯದಲ್ಲಿ ನಿಮ್ಮ ಮುಂದಿನ ತಾರೀಖು ಇದು. ನಿಮ್ಮ ಕೇಸನ್ನು ನಮ್ಮಲ್ಲಿ ಯಾರು ನಡೆಸಬೇಕು, ಅಥವಾ ಬೇರೆ ವಕೀಲರು ನಡೆಸಬೇಕೇ ಅನ್ನುವುದು ನಿಮ್ಮ ಇಷ್ಟ. ನೀವು ತಿಳಿಸುವವರೆಗೆ ಇಂಥವರು ನೋಡಿಕೊಳ್ಳುತ್ತಾರೆ.' ಕೊನೇ ಸಾಲು ಬಿಡಬೇಡಿ. ಆ ನವಲಗುಂದದ ಮುದುಕರಿಗೆ ಬೇಕಾಗಿದ್ದದ್ದು ಆ ಒಂದು ಸಾಲು.

ಕೊನೆಗೆ ಕ್ಲಾರ್ಕ್. ಅವರ ಬಗ್ಗೆ ನೀವು ಕೇಳಿದ್ದು ನನಗೆ ಹಿಡಿಸಿತು. ಯಾವ ಫೈಲು ಯಾವ ಕಪಾಟಿನಲ್ಲಿದೆ, ಯಾವ ಕಕ್ಷಿದಾರನಿಗೆ ಬಿಪಿ ಇದೆ, ಪೆನ್ಸಿಲ್‌ನಲ್ಲಿ ಬರೆದ ಅಂಕಿಯ ಅರ್ಥ ಏನು, ಎಲ್ಲ ಗೊತ್ತಿರುವವರು ಅವರೊಬ್ಬರೇ. ಆಫೀಸು ಒಡೆಯುವಾಗ ಎರಡೂ ಕಡೆಯವರು ಅವರನ್ನು ಗುಟ್ಟಾಗಿ ಚಹಾಕ್ಕೆ ಕರೆಯುತ್ತಾರೆ. ಗೆಳೆಯ ಈಗಾಗಲೇ ಕರೆದಿರಬಹುದು. ನೀವು ಕರೆಯಬೇಡಿ. ಸಾಹೇಬರ ಜೊತೆ ಮಾತಾದ ದಿನವೇ, ಮೂವರೂ ಎದುರಿಗಿದ್ದಾಗ, ಅವರನ್ನು ಕೂರಿಸಿಕೊಂಡು ಹೇಳಿ. ಎಷ್ಟು ವರ್ಷ ದುಡಿದಿದ್ದಾರೋ ಅಷ್ಟಕ್ಕೂ, ವರ್ಷಕ್ಕೆ ಕೊನೇಪಕ್ಷ ಹದಿನೈದು ದಿನದ ಸಂಬಳದ ಹಾಗೆ ಫರ್ಮ್ ದುಡ್ಡಿನಿಂದ ತೆಗೆದಿಟ್ಟು, ಪಾಲು ಹಾಕುವ ಮೊದಲೇ ಅವರ ಕೈಗೆ ಕೊಡಿ. ಆಮೇಲೆ ಯಾರ ಹತ್ತಿರ ಕೆಲಸಕ್ಕೆ ಹೋಗುತ್ತಾರೋ ಅವರಿಗೆ ಬಿಟ್ಟದ್ದು. ಡೈರಿ ಮಾತ್ರ ಆ ದಿನವೇ ಮೂರು ನಕಲು ಮಾಡಿಸಿ.